ಹನ್ನೆರಡೂವರೆಯ ತಟ್ಟೆ, ನಾಲ್ಕು ಗಂಟೆಯ ತಟ್ಟೆ

(ಬರ್ಮಿಂಗ್‌ಹ್ಯಾಮ್‌ನ ಕನ್ನಡಿಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮ ಮನೆಯ ಹತ್ತಿರದ ಯಾವುದಾದರೂ ಕಾರ್ವರಿ ಪಬ್ಬಿನ (ಇಡಿಯಾಗಿ ಬೇಯಿಸಿದ ಮಾಂಸವನ್ನು, ಅಂದರೆ ರೋಸ್ಟನ್ನು, ಎದುರಿಗೇ ಕೊಯ್ದು ಬಡಿಸುವ ಪಬ್ಬಿನ) ಬಗ್ಗೆ ಇಬ್ಬರನ್ನು ವಿಚಾರಿಸಿ ನೋಡಿ. ಮಾಂಸ ಬಾಯಲ್ಲಿಟ್ಟರೆ ಕರಗುವಂತಿತ್ತು, ಆಲೂಗಡ್ಡೆ ಗರಿಗರಿಯಾಗಿತ್ತು, ಬಡಿಸಿದವರು ನಗುತ್ತಾ ಮಾತನಾಡಿಸಿದರು ಎಂದು ಒಬ್ಬರು ಹೇಳುತ್ತಾರೆ. ಮಾಂಸ ಒಣಗಿ ಚಕ್ಕೆಯಾಗಿತ್ತು, ಎಲೆಕೋಸು ಬಣ್ಣಗೆಟ್ಟಿತ್ತು, ಮೇಜು ಒರೆಸುವವರೇ ಇರಲಿಲ್ಲ ಎಂದು ಇನ್ನೊಬ್ಬರು. ಇಬ್ಬರೂ ಹೋದದ್ದು ಅದೇ ಪಬ್ಬಿಗೆ, ಕೊಟ್ಟದ್ದು ಅದೇ ಬೆಲೆ, ಕೆಲವೊಮ್ಮೆ ದಿನವೂ ಅದೇ ಭಾನುವಾರ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯವರು ಹನ್ನೆರಡೂವರೆಗೆ ಉಂಡರು, ಎರಡನೆಯವರು ನಾಲ್ಕು ಗಂಟೆಗೆ. ಈ ಮೂರೂವರೆ ಗಂಟೆಯಲ್ಲಿ ಕೌಂಟರಿನ ಹಿಂದೆ ಏನಾಗುತ್ತದೆ, ಅದಕ್ಕೆ ಹೊಣೆ ಯಾರು, ಮತ್ತು ಗ್ರಾಹಕರಾದ ನಾವು ಏನನ್ನು ಕೇಳಬಹುದು ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ವಾರಾಂತ್ಯಗಳಲ್ಲಿ ಇಂಥದ್ದೊಂದು ಕೌಂಟರಿನ ಹಿಂದೆ ನಿಂತಿದ್ದೆ, ಆಮೇಲಿನ ಇಷ್ಟು ವರ್ಷ ಅದರ ಮುಂದೆ ನಿಂತಿದ್ದೇನೆ. ಎರಡೂ ಕಡೆಯವರ ಸಂಕಟ ನನಗೆ ಗೊತ್ತು.

ಇತ್ತೀಚೆಗೆ ಬಂದವರು ಇಲ್ಲಿ ಹಲವರಿದ್ದೀರಿ, ಹಾಗಾಗಿ ಮೊದಲು ಕ್ರಮ ಹೇಳಿಬಿಡುತ್ತೇನೆ. ಬಾರಿನಲ್ಲಿ ಹಣ ಕೊಟ್ಟು ಪಾನೀಯ ತೆಗೆದುಕೊಂಡು ಮೇಜು ಹಿಡಿಯುತ್ತೀರಿ. ನಿಮ್ಮ ಸರದಿ ಬಂದಾಗ ಬಿಸಿ ತಟ್ಟೆ ಹಿಡಿದು ಸಾಲಿನಲ್ಲಿ ಸಾಗುತ್ತೀರಿ. ಕೌಂಟರಿನ ಮೇಲೆ, ಕೆಂಪಗೆ ಉರಿಯುವ ದೀಪಗಳ ಕೆಳಗೆ, ಇಡಿಯಾಗಿ ಬೆಂದ ಮಾಂಸದ ತುಂಡುಗಳು ಇರುತ್ತವೆ: ಬೀಫ್, ಟರ್ಕಿ ಕೋಳಿ, ಗ್ಯಾಮನ್ ಎಂಬ ಉಪ್ಪಿನಲ್ಲಿ ಹದಗೊಳಿಸಿದ ಹಂದಿಮಾಂಸ, ಕೆಲವು ಕಡೆ ಸಾದಾ ಹಂದಿಮಾಂಸ ಅಥವಾ ಕುರಿಮಾಂಸ. ಉದ್ದನೆಯ ಚಾಕು ಹಿಡಿದ ಕಾರ್ವರ್ ಅದನ್ನು ನಿಮ್ಮ ಕಣ್ಣೆದುರೇ ಹೋಳು ಹೋಳಾಗಿ ಕೊಯ್ದು ತಟ್ಟೆಗೆ ಹಾಕುತ್ತಾರೆ. ಅಲ್ಲಿಂದ ಮುಂದೆ ನೀವೇ ಬಡಿಸಿಕೊಳ್ಳಬೇಕು. ಹುರಿದ ಆಲೂಗಡ್ಡೆ, ಹಿಸುಕಿದ ಆಲೂಗಡ್ಡೆ, ಕ್ಯಾರೆಟ್, ಬಟಾಣಿ, ಎಲೆಕೋಸು, ಚೀಸ್ ಹಾಕಿದ ಹೂಕೋಸು, ಬ್ರೆಡ್ ಪುಡಿಗೆ ಮಸಾಲೆ ಸೊಪ್ಪು ಬೆರೆಸಿದ ಸ್ಟಫಿಂಗ್, ಕೊನೆಗೆ ಗ್ರೇವಿ. ಬೀಫಿಗೆ ಖಾರದ ಬೇರಾದ ಹಾರ್ಸ್‌ರ್‍ಯಾಡಿಶ್, ಕುರಿಮಾಂಸಕ್ಕೆ ಪುದೀನ, ಹಂದಿಮಾಂಸಕ್ಕೆ ಸೇಬು, ಟರ್ಕಿಗೆ ಕ್ರ್ಯಾನ್‌ಬೆರಿ ಎಂದು ಸಾಸ್‌ಗಳ ಜೋಡಿಯೂ ನಿಗದಿಯಾಗಿದೆ. ವಾರದ ದಿನಗಳಲ್ಲಿ ಬೆಲೆ ಕಡಿಮೆ, ಭಾನುವಾರ ಹೆಚ್ಚು.

ನಮ್ಮ ಪಂಕ್ತಿಯ ಊಟದಲ್ಲಿ ಬಡಿಸುವವರು ಎಲೆಯ ಬಳಿಗೆ ಬರುತ್ತಾರೆ, ಸಾಕು ಎಂದರೂ ಇನ್ನೊಂದು ಸೌಟು ಹಾಕುತ್ತಾರೆ. ಇಲ್ಲಿ ನಾವೇ ಎದ್ದು ಹೋಗಬೇಕು. ತರಕಾರಿಗೆ ಲೆಕ್ಕವಿಲ್ಲ, ಮಾಂಸಕ್ಕೆ ಮಾತ್ರ ಲೆಕ್ಕವುಂಟು. ಆ ಲೆಕ್ಕವೆಲ್ಲ ಒಬ್ಬ ವ್ಯಕ್ತಿಯ ಕೈಯಲ್ಲಿದೆ. ಗ್ರಾಹಕರ ಸಂತೋಷವೂ ಸಿಟ್ಟೂ ಬಹುಪಾಲು ಅಲ್ಲಿ ಕಳೆಯುವ ಅರ್ಧ ನಿಮಿಷದಲ್ಲಿಯೇ ಹುಟ್ಟುತ್ತವೆ.

ಎದುರಿಗೇ ಕೊಯ್ದು ಬಡಿಸುವ ಪದ್ಧತಿ ಒಂದು ಕಾಲಕ್ಕೆ ಲಂಡನ್ನಿನ ಸಿರಿವಂತರ ಊಟದ ಮನೆಗಳದ್ದಾಗಿತ್ತು. ಸ್ಟ್ರ್ಯಾಂಡ್ ಬೀದಿಯ ಸಿಂಪ್ಸನ್ಸ್ 1828ರಲ್ಲಿ ಶುರುವಾಯಿತು. ಅಲ್ಲಿಗೆ ಚೆಸ್ ಆಟಗಾರರು ಬರುತ್ತಿದ್ದರು. ಚೆಸ್ ಇತಿಹಾಸದಲ್ಲಿ ‘ಅಮರ ಆಟ’ ಎಂದು ಹೆಸರಾದ, 1851ರ ಆಂಡರ್ಸನ್ ಮತ್ತು ಕೀಸೆರಿಟ್ಸ್ಕಿ ಅವರ ಪಂದ್ಯ ನಡೆದದ್ದೂ ಅಲ್ಲಿಯೇ. ಆಟದಲ್ಲಿ ಮುಳುಗಿದವರನ್ನು ಎಬ್ಬಿಸಬಾರದೆಂದು ಬೆಳ್ಳಿಯ ಮುಚ್ಚಳದ ಗಾಡಿಯಲ್ಲಿ ಮಾಂಸವನ್ನು ಮೇಜಿನ ಬಳಿಗೇ ತಳ್ಳಿಕೊಂಡು ಬಂದು ಕೊಯ್ದು ಕೊಡುವ ರೂಢಿ ಬೆಳೆಯಿತು ಎಂದು ಹೇಳುತ್ತಾರೆ. ಅಲ್ಲಿ ಕಾರ್ವರ್ ಎಂದರೆ ಗೌರವದ ಹುದ್ದೆ. ಅವರ ಕೈಗೆ ಪ್ರತ್ಯೇಕವಾಗಿ ಟಿಪ್ಸ್ ಕೊಡುವುದು ವಾಡಿಕೆಯಾಗಿತ್ತು. ಈ ವಿಷಯ ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಎದುರಿಗೇ ಕೊಯ್ದು ಬಡಿಸುವ ಈ ಪದ್ಧತಿ ಪಬ್ಬಿಗೆ ಬಂದ ಕಥೆ ನಮ್ಮ ಊರಿಗೂ ಸಂಬಂಧಿಸಿದ್ದು. ನಮ್ಮ ಪಕ್ಕದ ಸ್ಮೆದಿಕ್‌ನ ಕೇಪ್ ಹಿಲ್ ಕಡೆ ಇರುವವರಿಗೆ ಮಿಚೆಲ್ಸ್ ಅಂಡ್ ಬಟ್ಲರ್ಸ್ ಎಂಬ ಬಿಯರ್ ಕಾರ್ಖಾನೆಯ ಹೆಸರು ಗೊತ್ತಿರಬಹುದು. ಎರಡು ಕುಟುಂಬಗಳ ಕಾರ್ಖಾನೆಗಳು 1898ರಲ್ಲಿ ಒಂದಾಗಿ ಹುಟ್ಟಿದ ಸಂಸ್ಥೆ ಅದು. ಕೇಪ್ ಹಿಲ್‌ನ ಕಾರ್ಖಾನೆ 2002ರಲ್ಲಿ ಮುಚ್ಚಿತು. ಅದೇ ಹೆಸರಿನಲ್ಲಿ 2003ರಲ್ಲಿ ಬೇರೆಯಾಗಿ ನಿಂತ ಕಂಪನಿ ಇವತ್ತು ದೇಶದ ದೊಡ್ಡ ಪಬ್ ಕಂಪನಿಗಳಲ್ಲಿ ಒಂದು. ಟೋಬಿ ಕಾರ್ವರಿ ಎಂಬ ಕಾರ್ವರಿ ಪಬ್ಬುಗಳ ಸರಣಿ ಅದರದ್ದೇ. ಬಿಯರ್ ತಯಾರಿಸುತ್ತಿದ್ದ ಹೆಸರು ಊಟ ಬಡಿಸುವ ಕಂಪನಿಯದ್ದಾದುದರ ಹಿಂದೆ ಕಾನೂನಿನ ಕೈಯೂ ಇದೆ. ಒಂದೊಂದು ಬಿಯರ್ ಕಂಪನಿಯ ಹಿಡಿತದಲ್ಲಿರುವ ಪಬ್ಬುಗಳ ಸಂಖ್ಯೆಗೆ 1989ರಲ್ಲಿ ಸರ್ಕಾರ ಮಿತಿ ಹಾಕಿತು. ಪಬ್ಬುಗಳು ಬಿಯರ್ ಕಂಪನಿಗಳ ಕೈಯಿಂದ ಪಬ್ ಕಂಪನಿಗಳ ಕೈಗೆ ಹೋದವು. 2007ರ ಜುಲೈ 1ರಿಂದ ಇಂಗ್ಲೆಂಡಿನ ಪಬ್ಬುಗಳ ಒಳಗೆ ಧೂಮಪಾನ ನಿಂತಿತು. ಬರೀ ಕುಡಿತವನ್ನು ನಂಬಿ ಬಾಗಿಲು ತೆರೆದಿಡುವುದು ಕಷ್ಟವಾದಾಗ, ಮಕ್ಕಳನ್ನೂ ಅಜ್ಜ ಅಜ್ಜಿಯರನ್ನೂ ಕರೆತರುವ ಕುಟುಂಬಗಳೇ ಆಸರೆಯಾದವು. ಅಂಥ ಕುಟುಂಬಗಳಿಗೆ ಭಾನುವಾರದ ರೋಸ್ಟ್‌ಗಿಂತ ಪರಿಚಿತವಾದ ಊಟ ಇನ್ನೊಂದಿಲ್ಲ.

ಯಾರ್ಕ್‌ಶೈರ್ ಪುಡಿಂಗ್ ಎಂಬ, ರೋಸ್ಟ್ ಜೊತೆಗೆ ಬಡಿಸುವ ತಿನಿಸಿನ ಬಗ್ಗೆ ಒಂದು ಮಾತು ಹೇಳಿ ಮುಂದುವರಿಯುತ್ತೇನೆ. ಗೋಧಿ ಹಿಟ್ಟು, ಮೊಟ್ಟೆ, ಹಾಲು ಕಲಸಿದ ಹಿಟ್ಟನ್ನು ಹಿಂದಿನವರು ಬೆಂಕಿಯ ಮುಂದೆ ತಿರುಗುವ ಮಾಂಸದ ಕೆಳಗಿಟ್ಟು, ತೊಟ್ಟಿಕ್ಕುವ ಕೊಬ್ಬಿನಲ್ಲಿ ಬೇಯಿಸುತ್ತಿದ್ದರು. ಹನಾ ಗ್ಲಾಸ್ ಎಂಬ ಮಹಿಳೆ 1747ರಲ್ಲಿ ಅಚ್ಚು ಹಾಕಿಸಿದ ಪಾಕವಿಧಾನದಲ್ಲಿ ಅದಕ್ಕೆ ಯಾರ್ಕ್‌ಶೈರಿನ ಹೆಸರಿದೆ. ಅದನ್ನು ಗ್ರೇವಿಯ ಜೊತೆ ಮೊದಲೇ ಬಡಿಸುತ್ತಿದ್ದರು. ಹೊಟ್ಟೆ ಅರ್ಧ ತುಂಬಿದರೆ ದುಬಾರಿಯಾದ ಮಾಂಸ ಎಲ್ಲರಿಗೂ ಸಾಲುತ್ತಿತ್ತು. ಕಡಿಮೆ ಮಾಂಸದಲ್ಲಿ ಹೆಚ್ಚು ಜನರನ್ನು ತೃಪ್ತಿಪಡಿಸುವ ಆ ಜಾಣ್ಮೆಯ ಮೇಲೆಯೇ ಇವತ್ತಿನ ಕಾರ್ವರಿಯ ಬೆಲೆಯೂ ನಿಂತಿದೆ. ಅದರಲ್ಲಿ ಮೋಸವೇನೂ ಇಲ್ಲ.

ಈಗ ಆ ಮೂರೂವರೆ ಗಂಟೆಯ ವಿಷಯ. ಇಡೀ ಮಾಂಸದ ತುಂಡನ್ನು ಒಲೆಯಿಂದ ತೆಗೆದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು. ಒಳಗಿನ ರಸ ಗಟ್ಟಿಯಾಗಿ ಮಾಂಸದಲ್ಲೇ ನಿಲ್ಲುತ್ತದೆ. ಅವಸರದಲ್ಲಿ ಕೊಯ್ದರೆ ರಸವೆಲ್ಲ ಹಲಗೆಯ ಮೇಲೆ ಹರಿಯುತ್ತದೆ. ಹನ್ನೆರಡು ಗಂಟೆಗೆ ಬಾಗಿಲು ತೆರೆದಾಗ ಅಡುಗೆಯವರಿಗೆ ಈ ಬಿಡುವು ಸಿಕ್ಕಿರುತ್ತದೆ. ಒಂದೂವರೆಗೆ ಸಾಲು ಬಾಗಿಲಿನವರೆಗೆ ಬೆಳೆದಾಗ ಸಿಗುವುದಿಲ್ಲ. ಎರಡೂವರೆಯ ನಂತರ ಇದಕ್ಕೆ ತಿರುಗುಮುರುಗಾದ ಕಷ್ಟ: ಜನ ಕಡಿಮೆಯಾಗುತ್ತಾರೆ, ಕೊಯ್ದ ತುಂಡು ಹಾಗೆಯೇ ದೀಪದ ಕೆಳಗೆ ಉಳಿಯುತ್ತದೆ. ಟರ್ಕಿಯ ಎದೆ ಮತ್ತು ಬೀಫಿನ ತೊಡೆಯ ಭಾಗವಾದ ಟಾಪ್‌ಸೈಡ್ ಎರಡರಲ್ಲೂ ಕೊಬ್ಬು ಕಡಿಮೆ, ಹಾಗಾಗಿ ಅವು ಮೊದಲು ಒಣಗುತ್ತವೆ. ಗ್ಯಾಮನ್ ಉಪ್ಪುನೀರಿನಲ್ಲಿ ಹದಗೊಂಡ ಮಾಂಸ, ಹೆಚ್ಚು ಹೊತ್ತು ತಾಳುತ್ತದೆ. ತಡವಾಗಿ ಹೋದವರು ಗ್ಯಾಮನ್ ಕೇಳುವುದು ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ.

ಹುರಿದ ಆಲೂಗಡ್ಡೆಯ ಹೊರಗಿನ ಗರಿ ಒಲೆಯಿಂದ ಇಳಿದ ಕೆಲವೇ ನಿಮಿಷಗಳದ್ದು. ಒಳಗಿನ ತೇವ ಆವಿಯಾಗಿ ಹೊರಗೆ ಬರುತ್ತಲೇ ಇರುತ್ತದೆ, ಆಳವಾದ ಟ್ರೇಯಲ್ಲಿ ಒಂದರ ಮೇಲೊಂದು ಬಿದ್ದ ಆಲೂಗಡ್ಡೆಗಳು ಒಂದನ್ನೊಂದು ಮೆತ್ತಗೆ ಮಾಡುತ್ತವೆ. ಬಿಸಿಯಲ್ಲಿ ಹೆಚ್ಚು ಹೊತ್ತು ಇದ್ದ ಎಲೆಕೋಸಿನ ಹಸಿರು ಕಂದಾಗುತ್ತದೆ, ಏಕೆಂದರೆ ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತಿನಲ್ಲಿರುವ ಮೆಗ್ನೀಸಿಯಂ ಕಳಚಿಕೊಳ್ಳುತ್ತದೆ. ಅದರ ಜೊತೆಗೆ ಗಂಧಕದ ವಾಸನೆಯೂ ಏಳುತ್ತದೆ. ಗ್ರೇವಿಯ ಮೇಲೆ ಕೆನೆಯಂಥ ಪದರ ಕಟ್ಟುತ್ತದೆ. ಹಾಗಾದರೆ ಬಿಸಿ ಕಡಿಮೆ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಮಾಡುವಂತಿಲ್ಲ. ಇಂಗ್ಲೆಂಡಿನ ನಿಯಮದ ಪ್ರಕಾರ ಬಿಸಿಯಾಗಿ ಬಡಿಸಲು ಇಟ್ಟ ಆಹಾರ 63 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು. ಇಳಿಸಿದರೂ ಒಂದೇ ಬಾರಿ, ಎರಡು ಗಂಟೆ ಮೀರದಂತೆ. ರೋಗಾಣುಗಳಿಂದ ನಮ್ಮನ್ನು ಕಾಯುವ ಬಿಸಿಯೇ ರುಚಿಯನ್ನು ಕೆಡಿಸುತ್ತದೆ. ಇದಕ್ಕಿರುವ ದಾರಿ ಒಂದೇ. ಸ್ವಲ್ಪ ಸ್ವಲ್ಪವೇ ಬೇಯಿಸಿ, ಚಿಕ್ಕ ಟ್ರೇಗಳಲ್ಲಿ ಮತ್ತೆ ಮತ್ತೆ ತರಬೇಕು. ಅದಕ್ಕೆ ಅಡುಗೆಮನೆಯಲ್ಲಿ ಇನ್ನೊಬ್ಬರು ಬೇಕು. ಆ ಇನ್ನೊಬ್ಬರನ್ನು ಮೂರು ಗಂಟೆಗೆ ಮನೆಗೆ ಕಳುಹಿಸಿರುತ್ತಾರೆ. ನಾಲ್ಕು ಗಂಟೆಯ ತಟ್ಟೆ ಕೆಡುವುದು ಆ ಕ್ಷಣದಲ್ಲಿ, ಸಿಬ್ಬಂದಿಯ ಪಾಳಿಯ ಪಟ್ಟಿ ಬರೆಯುವ ಕೈಯಲ್ಲಿ. ಕೌಂಟರಿನಲ್ಲಿ ಸಿಕ್ಕ ಹುಡುಗಿಯ ಮೇಲೆ ರೇಗುವ ಗ್ರಾಹಕರಿಗೆ ಆ ಪಟ್ಟಿ ಕಾಣುವುದಿಲ್ಲ.

ಆದ್ದರಿಂದ ನಾನು ನಿಮಗೆ ಹೇಳುವುದು: ಕೇಳಿ. ಟ್ರೇಯ ತಳದಲ್ಲಿ ನಾಲ್ಕು ಆಲೂಗಡ್ಡೆ ಮಾತ್ರ ಉಳಿದಿದ್ದರೆ ಹೊಸದು ಬರುತ್ತದೆಯೇ ಎಂದು ಕೇಳಿ, ಐದು ನಿಮಿಷ ಕಾಯಿರಿ. ಅದು ಜಗಳವಲ್ಲ, ಹಣ ಕೊಟ್ಟವರ ಸಹಜವಾದ ಪ್ರಶ್ನೆ. ನಮ್ಮವರು ಈ ಪ್ರಶ್ನೆ ಕೇಳಲು ಬಹಳ ಸಂಕೋಚಪಡುತ್ತಾರೆ. ಬಾಯಿ ಮುಚ್ಚಿ ಉಂಡು, ಕಾರಿನಲ್ಲಿ ಕುಳಿತ ಮೇಲೆ ಬೇಸರ ಹೇಳಿಕೊಳ್ಳುತ್ತಾರೆ.

ಕಾರ್ವರ್ ವಿಷಯಕ್ಕೆ ಬರೋಣ. ಕೊಯ್ಯುವುದು ಕಲಿತು ಬರುವ ಕೆಲಸ. ಮಾಂಸದ ನಾರು ಯಾವ ದಿಕ್ಕಿಗಿದೆ ಎಂದು ನೋಡಿ ಅದಕ್ಕೆ ಅಡ್ಡವಾಗಿ ಕೊಯ್ದರೆ ಅಗಿಯಲು ಸುಲಭ, ನಾರಿನ ಉದ್ದಕ್ಕೆ ಕೊಯ್ದರೆ ಅದೇ ಮಾಂಸ ಹಗ್ಗದಂತಾಗುತ್ತದೆ. ಚಾಕು ಮೊಂಡಾಗಿದ್ದರೆ ಹೋಳು ಹರಿದು ಚೂರಾಗುತ್ತದೆ. ಒಳ್ಳೆಯ ಕಾರ್ವರ್ ನಿಮ್ಮ ಮುಖ ನೋಡುತ್ತಾರೆ. ಅಂಚಿನ ಕಂದು ಭಾಗ ಬೇಕೋ, ನಡುವಿನ ಮೆತ್ತನೆಯದೋ ಎಂದು ಕೇಳುತ್ತಾರೆ. ಒಂದೇ ಬಗೆಯೋ, ಎರಡು ಮೂರು ಬಗೆ ಸೇರಿಸಬೇಕೋ ಎಂದು ವಿಚಾರಿಸುತ್ತಾರೆ. ಹಂದಿಮಾಂಸದ ಮೇಲಿನ ಗರಿಗರಿ ಚರ್ಮ ಉಳಿದಿದ್ದರೆ ಕೇಳದೆಯೇ ಒಂದು ಚೂರು ಇಡುತ್ತಾರೆ. ಎಷ್ಟು ಹೋಳು ಎಂಬ ಮಿತಿಯನ್ನು ಕಂಪನಿ ಹಾಕಿರುತ್ತದೆ, ಆದರೆ ಹೋಳಿನ ದಪ್ಪ ಕೈಯದ್ದು. ಸಿಂಪ್ಸನ್ಸ್ ಕಾಲದಲ್ಲಿ ಗೌರವದ ಹುದ್ದೆ ಎಂದೆನಲ್ಲ, ಈಗ ಎಷ್ಟೋ ಕಡೆ ಅವತ್ತು ಯಾರು ಸಿಕ್ಕರೋ ಅವರ ಕೈಗೆ ಚಾಕು ಕೊಟ್ಟು ನಿಲ್ಲಿಸುತ್ತಾರೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಕಲಿಸದೆ ನಿಲ್ಲಿಸಿದ ಹತ್ತೊಂಬತ್ತು ವರ್ಷದ ಹುಡುಗ ಬಿಸಿ ದೀಪದ ಕೆಳಗೆ ನಾಲ್ಕು ಗಂಟೆ ಬೆವರುತ್ತಾ ನೂರಾರು ಜನರ ಅಸಮಾಧಾನಕ್ಕೆ ಮುಖ ಕೊಡಬೇಕು.

ನಮ್ಮವರ ವಿಶೇಷ ತೊಂದರೆಗಳನ್ನು ಈಗ ಹೇಳುತ್ತೇನೆ, ಇಲ್ಲಿ ಸ್ವಲ್ಪ ವಿವರವಾಗಿ. ನಮ್ಮ ಅತ್ತೆಯವರು ತೀರ್ಥಹಳ್ಳಿಯಿಂದ ಬಂದಿದ್ದಾಗ ಇಲ್ಲಿನ ಗೆಳೆಯರು ನಮ್ಮೆಲ್ಲರನ್ನೂ ಒಂದು ಪಬ್ಬಿಗೆ ಕರೆದರು. ಅತ್ತೆಯವರು ಶುದ್ಧ ಸಸ್ಯಾಹಾರಿ. ತರಕಾರಿ ಎಲ್ಲವೂ ಸಸ್ಯಾಹಾರವೇ ಎಂದು ಬಾರಿನ ಹುಡುಗ ಭರವಸೆ ಕೊಟ್ಟ. ಅವರು ಆಲೂಗಡ್ಡೆಗೆ ಚಮಚ ಹಾಕುವಷ್ಟರಲ್ಲಿ ಅಡುಗೆಮನೆಯಿಂದ ಟ್ರೇ ತರುತ್ತಿದ್ದ ಹೆಂಗಸೊಬ್ಬರು ನಿಲ್ಲಿಸಿದರು. ನಮ್ಮ ಮಾತು ಕಿವಿಗೆ ಬಿದ್ದಿತ್ತೇನೋ, ‘ಅಮ್ಮಾ, ಇದನ್ನು ದನದ ಕೊಬ್ಬಿನಲ್ಲಿ ಹುರಿದಿದ್ದೇವೆ’ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿ, ಬೇರೆ ಪಾತ್ರೆಯಲ್ಲಿ ಬೇಯಿಸಿದ ಆಲೂಗಡ್ಡೆ ಮತ್ತು ಬೆಣ್ಣೆ ತಂದುಕೊಟ್ಟರು. ಆ ಹೆಂಗಸಿನ ಎಚ್ಚರಕ್ಕೆ ನಾನು ಇವತ್ತಿಗೂ ಕೃತಜ್ಞಳು. ಎಲ್ಲ ಕಡೆಯೂ ದನದ ಕೊಬ್ಬು ಬಳಸುವುದಿಲ್ಲ, ಎಣ್ಣೆ ಬಳಸುವ ಕಡೆಗಳೂ ಬೇಕಾದಷ್ಟಿವೆ. ಆದರೆ ಆಲೂಗಡ್ಡೆ, ಯಾರ್ಕ್‌ಶೈರ್ ಪುಡಿಂಗ್, ಸ್ಟಫಿಂಗ್, ಗ್ರೇವಿ, ಈ ನಾಲ್ಕನ್ನು ಹೆಸರು ಹಿಡಿದು ಕೇಳಬೇಕು. ‘ಇದು ಸಸ್ಯಾಹಾರವೇ?’ ಎಂದರೆ ಹೌದು ಎಂಬ ಉತ್ತರ ಸುಲಭವಾಗಿ ಬರುತ್ತದೆ. ‘ಇದನ್ನು ಯಾವುದರಲ್ಲಿ ಹುರಿದಿದ್ದೀರಿ?’ ಎಂದರೆ ಒಳಗೆ ಹೋಗಿ ವಿಚಾರಿಸಿಕೊಂಡು ಬರಲೇಬೇಕಾಗುತ್ತದೆ.

ಟರ್ಕಿ ತಿನ್ನುತ್ತೇವೆ, ಬೀಫ್ ತಿನ್ನುವುದಿಲ್ಲ ಎನ್ನುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಕೌಂಟರಿನಲ್ಲಿ ಚಾಕು, ಹಲಗೆ, ಚಿಮಟ ಎಲ್ಲವೂ ಒಂದೇ ಇರಬಹುದು. ಬೇರೆ ಚಾಕು ಬಳಸುತ್ತೀರಾ ಎಂದು ನಾನು ಕೇಳಿದ ಒಂದು ಕಡೆ ಅದೇ ಚಾಕುವನ್ನು ಅದೇ ಬಟ್ಟೆಗೆ ಒರೆಸಿ ಮುಂದುವರಿಸಿದರು. ತಟ್ಟೆಯನ್ನು ವಾಪಸು ಕೊಟ್ಟೆ. ಇನ್ನೊಂದು ಕಡೆ ಅದೇ ಪ್ರಶ್ನೆಗೆ ಕಾರ್ವರ್ ಒಳಗೆ ಹೋಗಿ ಕೈಗವಸು ಬದಲಿಸಿ, ತೊಳೆದ ಚಾಕು ತಂದು, ಇನ್ನೂ ಕೊಯ್ಯದ ಟರ್ಕಿಯ ಬದಿಯಿಂದ ಹೋಳು ತೆಗೆದುಕೊಟ್ಟರು. ಹಿಂದೆ ಸಾಲಿನಲ್ಲಿದ್ದ ಯಾರೂ ಗೊಣಗಲಿಲ್ಲ. ನಂಬಿಕೆಯ ಕಾರಣ ಹೇಳಲು ಮುಜುಗರ ಬೇಡ. ಸಾಲು ಚಿಕ್ಕದಿರುವ ಹೊತ್ತಿನಲ್ಲಿ ಕೇಳಿದರೆ ಇನ್ನೂ ಒಳ್ಳೆಯದು.

ಅಲರ್ಜಿ ಇರುವವರಿಗೆ ಇದು ನಂಬಿಕೆಗಿಂತ ಪ್ರಾಣದ ಪ್ರಶ್ನೆ. ಇಲ್ಲಿನ ಕಾನೂನಿನಲ್ಲಿ 14 ಅಲರ್ಜಿಕಾರಕಗಳ ಪಟ್ಟಿಯಿದೆ, ಅವು ಆಹಾರದಲ್ಲಿ ಇವೆಯೇ ಎಂದು ಹೇಳುವುದು ಮಾರುವವರ ಕರ್ತವ್ಯ. ಆದರೆ ಕಾರ್ವರಿಯಲ್ಲಿ ಅಡುಗೆಮನೆ ಎಷ್ಟೇ ಎಚ್ಚರವಹಿಸಿದರೂ ಚೀಸ್ ಹಾಕಿದ ಹೂಕೋಸಿನ ಚಮಚವನ್ನು ಯಾರೋ ಗ್ರಾಹಕರು ಬಟಾಣಿಯ ಟ್ರೇಗೆ ಹಾಕಿಬಿಡುತ್ತಾರೆ. ಮಗುವಿಗೆ ಹಾಲಿನ ಅಲರ್ಜಿ ಇದ್ದರೆ ಸಾಲಿನ ಟ್ರೇಗಳನ್ನು ನಂಬಬೇಡಿ. ಒಳಗಿನಿಂದ ಬೇರೆಯಾಗಿ ತಟ್ಟೆ ಸಿದ್ಧಪಡಿಸಿ ಕೊಡಲು ಕೇಳಿ. ಬಾಗಿಲಲ್ಲಿ ಅಂಟಿಸಿದ ಹಸಿರು ಕಪ್ಪು ಚೀಟಿಯಲ್ಲಿ 5 ಅಂಕ ಇದೆಯಲ್ಲ ಎಂದು ಕೆಲವರು ಧೈರ್ಯ ತಂದುಕೊಳ್ಳುತ್ತಾರೆ. ಆ ಅಂಕ ಪರಿಶೀಲನೆಯ ದಿನದ ಶುಚಿತ್ವದ್ದು, ರುಚಿಗೂ ಸೇವೆಗೂ ಅಲ್ಲ. ವೇಲ್ಸ್‌ನಲ್ಲಿ ಅದನ್ನು ಪ್ರದರ್ಶಿಸುವುದು ಕಡ್ಡಾಯ, ಇಂಗ್ಲೆಂಡಿನಲ್ಲಿ ಅಲ್ಲ. ಹಾಗಾಗಿ ಬಾಗಿಲಲ್ಲಿ ಚೀಟಿ ಕಾಣದಿದ್ದರೆ ಆಹಾರದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯ ತಾಣದಲ್ಲಿ ನೋಡಿಕೊಂಡು ಹೋಗಿ.

ಸೇವೆ ಎಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಮಂಗಳವಾರ, ಬುಧವಾರದ ಮಧ್ಯಾಹ್ನಗಳು. ಆಗ ಕಾರ್ವರಿಗೆ ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಮನೆಯಲ್ಲಿ ಒಬ್ಬರಿಗಾಗಿ ರೋಸ್ಟ್ ಮಾಡುವುದು ಆಗದ ಮಾತು. ಒಂಟಿಯಾಗಿ ಬದುಕುವ ಎಷ್ಟೋ ಹಿರಿಯರಿಗೆ ಅದು ವಾರದಲ್ಲಿ ಜನರ ನಡುವೆ ಕುಳಿತು ಉಣ್ಣುವ ಒಂದೇ ಊಟ. ನಾನು ಕೆಲಸ ಮಾಡುತ್ತಿದ್ದ ಕಡೆ ಹಿರಿಯ ಕಾರ್ವರ್ ಒಬ್ಬರಿದ್ದರು. ಹಲ್ಲಿನ ತೊಂದರೆ ಇದ್ದವರಿಗೆ ಕಾಗದದಷ್ಟು ತೆಳ್ಳಗೆ ಕೊಯ್ಯುತ್ತಿದ್ದರು, ಕೈ ನಡುಗುವವರ ತಟ್ಟೆಯನ್ನು ಬೇರೊಬ್ಬರಿಂದ ಮೇಜಿಗೆ ತಲುಪಿಸುತ್ತಿದ್ದರು, ಎರಡು ವಾರ ಕಾಣದವರ ಬಗ್ಗೆ ಉಳಿದವರನ್ನು ವಿಚಾರಿಸುತ್ತಿದ್ದರು. ಇದಾವುದೂ ಕಂಪನಿಯ ತರಬೇತಿಯ ಪುಸ್ತಕದಲ್ಲಿ ಇರಲಿಲ್ಲ. 2020ರ ಜುಲೈಯಲ್ಲಿ ಕೊರೊನಾ ನಿರ್ಬಂಧ ಸಡಿಲಗೊಂಡು ಪಬ್ಬುಗಳು ಮತ್ತೆ ತೆರೆದಾಗ ಹಲವು ಕಾರ್ವರಿಗಳಲ್ಲಿ ತರಕಾರಿಯನ್ನೂ ಸಿಬ್ಬಂದಿಯೇ ಬಡಿಸಿದರು. ಕಿರಿಯರಿಗೆ ಅದು ಹಿಡಿಸಲಿಲ್ಲ. ಊರುಗೋಲು ಹಿಡಿದವರಿಗೆ, ಗಾಲಿಕುರ್ಚಿಯಲ್ಲಿ ಬಂದವರಿಗೆ ಅದು ದೊಡ್ಡ ಉಪಕಾರವಾಗಿತ್ತು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಿಸಿ ತಟ್ಟೆ ಹಿಡಿದವರು ಚಮಚವನ್ನು ಯಾವ ಕೈಯಲ್ಲಿ ಹಿಡಿಯಬೇಕು? ಈಗಲೂ ಕೇಳಿದರೆ ನೆರವು ಕೊಡುತ್ತಾರೆ. ಕೇಳುವ ಮೊದಲೇ ಕೊಡುವ ಕಡೆಗೆ ನಿಮ್ಮ ಅಪ್ಪ ಅಮ್ಮಂದಿರನ್ನು ಕರೆದೊಯ್ಯಿರಿ.

ದೂರು ಕೊಡುವುದು ಹೇಗೆ ಎಂದು ಚೀಟಿಯಲ್ಲಿ ಒಬ್ಬರು ಕೇಳಿದ್ದಾರೆ. ಎರಡು ತುತ್ತು ತಿಂದಾಗಲೇ ಹೇಳಿ, ತಟ್ಟೆ ಖಾಲಿ ಮಾಡಿದ ಮೇಲೆ ಅಲ್ಲ. ಏನು ಸರಿಯಿಲ್ಲ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ: ಮಾಂಸ ತಣ್ಣಗಿದೆ, ಗ್ರೇವಿ ಮುಗಿದಿದೆ. ಏನು ಬೇಕು ಎಂಬುದನ್ನೂ ಹೇಳಿ: ಬೇರೆ ತಟ್ಟೆ, ಅಥವಾ ಹಣದಲ್ಲಿ ಕಡಿತ. ತಕ್ಕಷ್ಟು ಕಾಳಜಿ, ಕೌಶಲದಿಂದ ಸೇವೆ ಕೊಡದಿದ್ದರೆ ಬೆಲೆ ಇಳಿಸುವಂತೆ ಕೇಳುವ ಹಕ್ಕನ್ನು 2015ರ ಗ್ರಾಹಕರ ಹಕ್ಕುಗಳ ಕಾಯ್ದೆ ಕೊಟ್ಟಿದೆ. ಚಾಕು ಹಿಡಿದವರ ಬಳಿ ವಾದಕ್ಕೆ ಇಳಿಯಬೇಡಿ, ಹಣ ಹಿಂದಿರುಗಿಸುವ ಅಧಿಕಾರ ಅವರಿಗಿರುವುದಿಲ್ಲ. ಮ್ಯಾನೇಜರನ್ನು ಕರೆಯಿರಿ. ಅವರಿಗೆ ‘ಇವತ್ತು ಅಡುಗೆಮನೆಯಲ್ಲಿ ಎಷ್ಟು ಜನ ಇದ್ದೀರಿ?’ ಎಂದು ಕೇಳಿ. ನಾನು ಕೇಳಿದಾಗಲೆಲ್ಲ ನಿಜ ಹೇಳಿದ್ದಾರೆ, ಆ ನಿಜವನ್ನು ಕಂಪನಿಗೆ ಬರೆದು ತಿಳಿಸಿದ್ದೇನೆ. ನೀವೂ ಬರೆಯಿರಿ. ‘ಊಟ ಕೆಟ್ಟದಾಗಿತ್ತು’ ಎಂಬ ದೂರು ಕೊನೆಗೆ ಕಾರ್ವರ್ ಮೇಲೆ ಬೀಳುತ್ತದೆ, ‘ನಾಲ್ಕು ಗಂಟೆಗೆ ಒಬ್ಬರೇ ಅಡುಗೆಯವರಿದ್ದರು’ ಎಂಬ ದೂರು ಪಾಳಿಯ ಪಟ್ಟಿ ಬರೆದವರ ಮೇಜಿಗೆ ಹೋಗುತ್ತದೆ.

ಮೆಚ್ಚುಗೆಯನ್ನೂ ಹೀಗೆಯೇ ಹೆಸರು ಹಿಡಿದು ತಿಳಿಸಿ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿರುತ್ತದೆ, ಓದಿಕೊಳ್ಳಿ, ಹೊರಡುವಾಗ ಮ್ಯಾನೇಜರಿಗೆ ಹೇಳಿ. ಟಿಪ್ಸ್ ಕೊಡುವವರಿಗೆ ಒಂದು ಸಮಾಧಾನದ ಸುದ್ದಿ: 2024ರ ಅಕ್ಟೋಬರ್ 1ರಿಂದ ಟಿಪ್ಸ್ ಹಣವನ್ನು ಮಾಲೀಕರು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಕಾರ್ಡಿನಲ್ಲಿ ಕೊಟ್ಟದ್ದೂ ಪೂರ್ತಿ ಕೆಲಸಗಾರರಿಗೇ ಸಲ್ಲಬೇಕು, ನ್ಯಾಯವಾಗಿ ಹಂಚಿಕೆಯಾಗಬೇಕು. ಕಾರ್ವರಿಯಲ್ಲಿ ನಾವೇ ಬಡಿಸಿಕೊಂಡೆವಲ್ಲ, ಟಿಪ್ಸ್ ಯಾಕೆ ಎಂದು ಹಲವರು ಕೇಳುತ್ತಾರೆ. ತಟ್ಟೆ ತೊಳೆದವರು, ಐವತ್ತು ಕಿಲೋ ಆಲೂಗಡ್ಡೆಯ ಟ್ರೇಗಳನ್ನು ಹೊತ್ತವರು, ಮಗು ಚೆಲ್ಲಿದ ಗ್ರೇವಿಯನ್ನು ಒರೆಸಿದವರು ಆ ಹಂಚಿಕೆಯಲ್ಲಿ ಇರುತ್ತಾರೆ. ಕೌಂಟರಿನಲ್ಲಿ ಟಿಪ್ಸ್ ಡಬ್ಬಿ ಕಾಣದಿದ್ದರೆ ಬಾರಿನಲ್ಲಿ ಕೇಳಿ, ಅಡುಗೆಮನೆಯವರಿಗೂ ಪಾಲು ಹೋಗುತ್ತದೆಯೇ ಎಂದು ವಿಚಾರಿಸಿಯೇ ಕೊಡಿ.